ದೊಡ್ಡಮನೆ ಮಾರಾಟಕ್ಕಿದೆ

ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆಗೆ ಹೊರಟರೆ ಪಟ್ಟಣ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಪಟ್ಟಣ ಶುರುವಾಗುತ್ತದೆ. ಒಂದು ತಲೆಮಾರಿನ ಹಿಂದೆ ಭತ್ತದ ಗದ್ದೆಯೋ ಜೋಳದ ಹೊಲವೋ ಆಗಿದ್ದ ನೆಲದಲ್ಲಿ ಈಗ ಗಡಿಕಲ್ಲು ನೆಟ್ಟ ನಿವೇಶನಗಳು, ಅರ್ಧಕ್ಕೆ ನಿಂತ ಚರಂಡಿಗಳು, ಬಣ್ಣಬಣ್ಣದ ಆರ್‌ಸಿಸಿ ಮನೆಗಳು. ಇಂಥ ಒಂದು ಬಡಾವಣೆಯ ನಡುವೆ, ದಾರಿ ತಪ್ಪಿ ಬಂದಂತೆ, ಒಂದು ದೊಡ್ಡ ಹೆಂಚಿನ ಮನೆ ಇದೆ. ದಾರಿ ತಪ್ಪಿ ಬಂದದ್ದು ಮನೆಯಲ್ಲ, ಬಡಾವಣೆ. ಮನೆ ಮೊದಲಿನಿಂದಲೂ ಅಲ್ಲಿಯೇ ಇತ್ತು. ಊರೇ ನಡೆದು ಬಂದು ಅದರ ಸುತ್ತ ನಿಂತಿತು. ಉದ್ದನೆಯ ಜಗುಲಿ, ಎರಡಾಳೆತ್ತರದ ಹೆಬ್ಬಾಗಿಲು, ಒಳಗೆ ತೊಟ್ಟಿ, ತೊಟ್ಟಿಯ ಸುತ್ತ ಪಡಸಾಲೆ, ಹಿಂದೆ ಕೊಟ್ಟಿಗೆ. ಕಾಂಪೌಂಡಿನ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಎರಡು ಪದ: ‘ಮನೆ ಮಾರಾಟಕ್ಕಿದೆ’. ಕೆಳಗೊಂದು ಮೊಬೈಲ್ ಸಂಖ್ಯೆ.

ಆ ಸಂಖ್ಯೆ ಮನೆಯವರದಲ್ಲ, ದಲ್ಲಾಳಿಯದು. ಕುತೂಹಲಕ್ಕೆ ವಿಚಾರಿಸಿದಾಗ ಆತ ಹೇಳಿದ ಮಾತು ಇದು: ‘ಸೈಟಿನ ರೇಟಿಗೇ ಕೊಡ್ತಾರೆ ಸಾರ್, ಮನೆ ಫ್ರೀ ಅನ್ಕೊಳ್ಳಿ.’ ಒಳಗೆ ಒಬ್ಬ ಹಿರಿಯ ಹೆಂಗಸು ಇದ್ದರು. ಈ ಮನೆಗೆ ಹಿರಿಸೊಸೆಯಾಗಿ ಬಂದವರು. ಗಂಡ ತೀರಿಕೊಂಡಿದ್ದಾರೆ, ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಮಜ್ಜಿಗೆ ಕೊಟ್ಟು ಜಗುಲಿಯ ಮೇಲೆ ಕೂರಿಸಿದ ಮೇಲೆ, ನಾನು ಮನೆ ಕೊಳ್ಳಲು ಬಂದವನಲ್ಲ ಎಂದು ತಿಳಿದು ಸ್ವಲ್ಪ ನಿರಾಳವಾದರು. ‘ಬಂದೋರೆಲ್ಲ ಕಂಬ ತಟ್ಟಿ ನೋಡ್ತಾರಪ್ಪ. ಒಬ್ಬರಾದ್ರೂ ಗೋಡೆ ನೋಡಲ್ಲ, ಬಾವಿ ನೋಡಲ್ಲ’ ಎಂದರು.

ಅದೇ ದಿನ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ದಾರಿಯಲ್ಲೊಂದು ಹಳ್ಳಿಗೆ ಹೋಗಬೇಕಾಗಿತ್ತು. ಅಲ್ಲಿಯೂ ಇಂಥದೇ ಒಂದು ಮನೆ; ಬೋರ್ಡು ಇರಲಿಲ್ಲ, ಆದರೆ ಮಾರಾಟಕ್ಕಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಬಾಗಿಲಿಗೆ ಬೀಗ, ಅಂಗಳದ ತುಂಬ ಹುಲ್ಲು. ಪಕ್ಕದ ಮನೆಯವರು ಹೇಳಿದಂತೆ ಹಕ್ಕುದಾರರು ಹನ್ನೊಂದು ಮಂದಿ, ಅವರಲ್ಲಿ ಊರಿನಲ್ಲಿರುವವರು ಯಾರೂ ಇಲ್ಲ. ಇಂಥ ಮನೆಗಳನ್ನು ಎಣಿಸುತ್ತ ಹೋದರೆ ಎರಡೂ ತಾಲ್ಲೂಕುಗಳಲ್ಲಿ ಒಂದು ಊರೂ ಬಿಟ್ಟುಹೋಗಲಿಕ್ಕಿಲ್ಲ.

ಈ ಮನೆಗಳು ಏಕೆ ಮಾರಾಟಕ್ಕೆ ಬಂದವು ಎಂದು ಕೇಳಿದರೆ ಎರಡೂ ಊರುಗಳಲ್ಲಿ ಸಿಗುವ ಉತ್ತರ ಒಂದೇ. ‘ಹೆಣ್ಣುಮಕ್ಕಳು ಪಾಲು ಕೇಳಿದರು, ಮನೆ ಒಡೆಯಿತು.’ ಚಹಾದಂಗಡಿಯಲ್ಲಿ, ಉಪನೋಂದಣಾಧಿಕಾರಿ ಕಚೇರಿಯ ಹೊರಗಿನ ಬೆಂಚಿನ ಮೇಲೆ, ಸುಶಿಕ್ಷಿತರ ಬಾಯಲ್ಲಿ ಕೂಡ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ ಅದನ್ನು ಯಾರೂ ಮರಳಿ ಪ್ರಶ್ನಿಸುವುದಿಲ್ಲ. ಈ ಮಾತು ಅನ್ಯಾಯದ್ದು ಮಾತ್ರವಲ್ಲ, ವಸ್ತುಸ್ಥಿತಿಗೂ ದೂರವಾದದ್ದು ಎಂಬುದು ನನ್ನ ಅಭಿಪ್ರಾಯ. ದೊಡ್ಡಮನೆಯ ಕೆಳಗಿನ ನೆಲ ಜಾರಿದ್ದು ಹೆಣ್ಣುಮಕ್ಕಳು ಬಾಯಿ ತೆರೆಯುವುದಕ್ಕೆ ಮೂವತ್ತು ವರ್ಷ ಮೊದಲೇ. ಅವರು ಕೇಳಿದ್ದು ಆಗಲೇ ಬರಿದಾಗಿದ್ದ ಮನೆಯಲ್ಲಿ ತಮ್ಮ ಪಾಲನ್ನು.

ದೊಡ್ಡಮನೆ ಎಂಬುದು ಬರಿಯ ವಾಸದ ಮನೆಯಾಗಿರಲಿಲ್ಲ. ಅದು ಉಗ್ರಾಣ, ಕಚೇರಿ, ಒಮ್ಮೊಮ್ಮೆ ನ್ಯಾಯಸ್ಥಾನ. ಅಷ್ಟು ಅಂಕಣಗಳು, ಅಷ್ಟು ದೊಡ್ಡ ಅಟ್ಟ, ಹತ್ತಾರು ಖಂಡುಗ ಹಿಡಿಯುವ ಕಣಜ ಒಂದು ಕುಟುಂಬದ ಊಟಕ್ಕಾಗಿ ಕಟ್ಟಿದ್ದಲ್ಲ. ಗೇಣಿಯ ಭತ್ತ ತುಂಬಲು ಕಟ್ಟಿದ್ದು. ಗೌಡಿಕೆ, ಶಾನುಭೋಗಿಕೆಯಂಥ ವಂಶಪಾರಂಪರ್ಯ ಹುದ್ದೆಗಳು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯೊಂದಿಗೆ ಹೋದವು. ಅದಕ್ಕೂ ಮೊದಲೇ, 1951ರಲ್ಲಿ, ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಿದ್ದರು. ಅಳತೆಯ ಕೊಳಗದ ಗಾತ್ರದಿಂದ ಆರಂಭವಾದ ಆ ಜಗಳಕ್ಕೆ ಎಚ್. ಗಣಪತಿಯಪ್ಪನವರಂಥ ಸಂಘಟಕರು, ಶಾಂತವೇರಿ ಗೋಪಾಲಗೌಡರಂಥ ನಾಯಕರು ದನಿ ಕೊಟ್ಟರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಫಲ ಕಾನೂನಿನ ರೂಪದಲ್ಲಿ ಸಿಗಲು ಮತ್ತೆ ಇಪ್ಪತ್ಮೂರು ವರ್ಷ ಬೇಕಾಯಿತು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿಯ ಪ್ರಕಾರ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರ ‘ಡಿಕ್ಲರೇಷನ್’ ಹಾಕಿದ, ನ್ಯಾಯಮಂಡಳಿ ತೀರ್ಪು ಕೊಟ್ಟಿತು, ಉಳುವವನು ಹೊಲದೊಡೆಯನಾದ.

ಈ ಬದಲಾವಣೆಯ ಬಗ್ಗೆ ನನಗೆ ಯಾವ ವಿಷಾದವೂ ಇಲ್ಲ. ದೊಡ್ಡಮನೆಯ ವೈಭವವನ್ನು ನೆನೆದು ಕಣ್ಣೀರಿಡುವ ಬರಹಗಳು ಸಾಕಷ್ಟು ಬಂದಿವೆ; ಅವುಗಳಲ್ಲಿ ಬಹುಪಾಲು ಪಡಸಾಲೆಯ ಒಳಗೆ ಕುಳಿತವರ ನೆನಪುಗಳು. ಭತ್ತದ ಚೀಲ ಹೊತ್ತು ತಂದು ಅಂಗಳದಲ್ಲಿ ಇಳಿಸಿ, ಜಗುಲಿಯ ಅಂಚಿನಲ್ಲಿ ನಿಂತೇ ಲೆಕ್ಕ ಒಪ್ಪಿಸಿ ಹಿಂದಿರುಗುತ್ತಿದ್ದವನ ಮಕ್ಕಳು ಈ ಮನೆಯ ಬಗ್ಗೆ ಬರೆದರೆ ಅದರ ಧಾಟಿ ಬೇರೆಯೇ ಇರುತ್ತದೆ. ಶಿಕಾರಿಪುರದ ಆ ಮನೆಯ ಸುತ್ತ ಎದ್ದ ಆರ್‌ಸಿಸಿ ಮನೆಗಳಲ್ಲಿ ಅಂಥವರ ಮೊಮ್ಮಕ್ಕಳ ಮನೆಗಳೂ ಇವೆ ಎಂಬುದನ್ನು ಮರೆಯಬಾರದು. ನಾನು ಹೇಳಹೊರಟದ್ದು ಇಷ್ಟೆ: 1974ರ ನಂತರ ಕಣಜ ಖಾಲಿಯಾಯಿತು, ಕಣಜಕ್ಕಾಗಿ ಕಟ್ಟಿದ ಮನೆ ಮಾತ್ರ ಹಾಗೆಯೇ ಉಳಿಯಿತು. ಜಮೀನು ಮತ್ತು ಮನೆಯ ಸಂಬಂಧ ಕಡಿದಾಗ ಮನೆಯನ್ನು ಹೇಗೆ ಸಾಕುವುದು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಕೇಳುವ ಸಂದರ್ಭವೂ ಅದಾಗಿರಲಿಲ್ಲ.

ಹೆಂಚಿನ ಮನೆಯನ್ನು ಸಾಕುವುದೆಂದರೆ ಏನೆಂದು ತಾರಸಿ ಮನೆಯಲ್ಲಿರುವವರಿಗೆ ತಿಳಿಯುವುದು ಕಷ್ಟ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸಬೇಕು, ಒಡೆದದ್ದನ್ನು ಬದಲಿಸಬೇಕು. ರೀಪು, ಪಕಾಸಿಗಳಿಗೆ ಗೆದ್ದಲು ಹತ್ತಿದೆಯೇ ನೋಡಬೇಕು. ಮಣ್ಣಿನ ಗೋಡೆಗೆ ಇರಚಲು ಹೊಡೆಯದಂತೆ ಮಳೆಗಾಲದಲ್ಲಿ ಅಡಕೆ ಸೋಗೆಯ ಮರೆ ಕಟ್ಟಬೇಕು. ಒಂದು ಮಳೆಗಾಲ ತಪ್ಪಿದರೆ ಒಂದು ಮೂಲೆ ಕುಸಿಯುತ್ತದೆ. ಈ ಕೆಲಸಗಳೆಲ್ಲ ಮನೆಯಾಳುಗಳಿಂದ ನಡೆಯುತ್ತಿದ್ದ ಕಾಲ ಮುಗಿದು, ಕೂಲಿ ಕೊಟ್ಟು ಮಾಡಿಸುವ ಕಾಲ ಬಂದಾಗ ಆ ಕೆಲಸ ಬಲ್ಲವರೂ ಸಿಗದಾದರು. ಇತ್ತ ಗಂಡುಮಕ್ಕಳು ಓದಿ ಹೊರಟರು. ಮೊದಲು ಶಿವಮೊಗ್ಗ, ಆಮೇಲೆ ಬೆಂಗಳೂರು, ಆಮೇಲೆ ಇನ್ನೂ ದೂರ. 2011ರ ಜನಗಣತಿಯ ಹೊತ್ತಿಗೆ ರಾಜ್ಯದಲ್ಲಿ ಒಂದು ಕುಟುಂಬದ ಸರಾಸರಿ ಗಾತ್ರ ನಾಲ್ಕೂವರೆಯ ಆಸುಪಾಸಿಗೆ ಇಳಿದಿತ್ತು. ಇಪ್ಪತ್ತು ಮಂದಿಯ ಲೆಕ್ಕದಲ್ಲಿ ಕಟ್ಟಿದ ಮನೆಯಲ್ಲಿ ಇಬ್ಬರು ಮುದುಕರು ಉಳಿದರು, ನಂತರ ಒಬ್ಬರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮನೆ ಬಿಟ್ಟು ಮೊದಲು ಹೋದವರು ಗಂಡುಮಕ್ಕಳು. ಹೆಣ್ಣುಮಕ್ಕಳನ್ನು ಮನೆಯೇ ಕಳಿಸಿಕೊಟ್ಟಿತ್ತು.

ಇನ್ನು ಪಾಲಿನ ಮಾತಿಗೆ ಬರೋಣ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ತತ್ವವನ್ನು ಶಾಸ್ತ್ರಬದ್ಧವಾಗಿ ಮಂಡಿಸಿದ ಮಿತಾಕ್ಷರಾ ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರ ರಚಿಸಿದ ಗ್ರಂಥ. ಅದೇ ಚಾಲುಕ್ಯರ ಬನವಾಸಿ ನಾಡಿನ ರಾಜಧಾನಿಯಾಗಿದ್ದ ಬಳ್ಳಿಗಾವಿ ಇರುವುದು ಇದೇ ಶಿಕಾರಿಪುರ ತಾಲ್ಲೂಕಿನಲ್ಲಿ. 1810ರಲ್ಲಿ ಕೋಲ್‌ಬ್ರೂಕ್ ಇದನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಲಯಗಳು ಬಂಗಾಳದ ಹೊರಗಿನ ಬಹುಪಾಲು ಹಿಂದೂಗಳಿಗೆ ಇದನ್ನೇ ಕಾನೂನಾಗಿ ಅನ್ವಯಿಸಿದವು. ಹೀಗೆ ಕನ್ನಡ ನೆಲದಲ್ಲಿ ಹುಟ್ಟಿದ ಒಂದು ವ್ಯಾಖ್ಯಾನ ದೇಶದ ಕೋಟ್ಯಂತರ ಮನೆಗಳ ಪಾಲುಪಟ್ಟಿಯಾಯಿತು. ಆ ಪಟ್ಟಿಯಲ್ಲಿ ಹುಟ್ಟಿನ ಹಕ್ಕುಳ್ಳ ಮಗಳು ಇರಲಿಲ್ಲ.

ಹಳೆಯ ಮೈಸೂರು ಸಂಸ್ಥಾನ ಈ ವಿಷಯದಲ್ಲಿ ತುಸು ಮುಂದಿತ್ತು. 1933ರ ಹಿಂದೂ ಮಹಿಳಾ ಹಕ್ಕುಗಳ ಕಾಯ್ದೆ, ಪಾಲಾಗುವ ಹೊತ್ತಿನಲ್ಲಿ ತಾಯಿಗೆ, ವಿಧವೆಯರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದಷ್ಟು ಭಾಗ ಕೊಟ್ಟಿತು. ಮೈಸೂರಿಗೆ ಸೇರಿದ್ದ ಶಿಕಾರಿಪುರ, ಸೊರಬಗಳಿಗೂ ಅದು ಅನ್ವಯಿಸುತ್ತಿತ್ತು. ಸ್ವಾತಂತ್ರ್ಯಾನಂತರ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನು ತಂದೆಯ ವಾರಸುದಾರಳನ್ನಾಗಿ ಒಪ್ಪಿತಾದರೂ ವಾಸದ ಮನೆಯ ಬಾಗಿಲಿಗೆ ಬಂದಾಗ ತಡೆಯಿತು. ಆ ಕಾಯ್ದೆಯ 23ನೇ ಕಲಮು ಏನು ಹೇಳುತ್ತಿತ್ತು ಎಂಬುದನ್ನು ಇಂದು ಬಹಳ ಮಂದಿ ಮರೆತಿದ್ದಾರೆ. ಕುಟುಂಬ ವಾಸವಾಗಿರುವ ಮನೆಯಲ್ಲಿ, ಗಂಡು ವಾರಸುದಾರರು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣು ವಾರಸುದಾರರು ಪಾಲು ಕೇಳುವಂತಿರಲಿಲ್ಲ. ಅಲ್ಲಿ ವಾಸಿಸುವ ಹಕ್ಕು ಕೂಡ ಮದುವೆಯಾಗದ, ಗಂಡ ಬಿಟ್ಟ, ಗಂಡನಿಂದ ಬೇರೆಯಾದ ಅಥವಾ ವಿಧವೆಯಾದ ಮಗಳಿಗೆ ಮಾತ್ರ. ಎಂದರೆ, ತವರುಮನೆಯಲ್ಲಿ ಮಗಳಿಗೆ ಜಾಗ ಸಿಗಬೇಕಾದರೆ ಅವಳ ಬದುಕು ಮೊದಲು ಮುರಿದು ಬೀಳಬೇಕಾಗಿತ್ತು.

ಕರ್ನಾಟಕವು 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯ ಮೂಲಕ ಮಗಳಿಗೂ ಹುಟ್ಟಿನಿಂದ ಹಕ್ಕು ಎಂದಿತು; ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಬಂದಾಗ ಆ ಷರತ್ತೂ ಹೋಯಿತು, 23ನೇ ಕಲಮೂ ಹೋಯಿತು. ತಂದೆ ಆ ದಿನ ಬದುಕಿರಬೇಕಾಗಿತ್ತೇ ಎಂಬ ತಕರಾರನ್ನು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮುಗಿಸಿತು: ಹಕ್ಕು ಹುಟ್ಟಿನಿಂದ ಬರುವುದಾದ್ದರಿಂದ ತಂದೆ ಬದುಕಿದ್ದರೇ ಎಂಬುದು ಅಪ್ರಸ್ತುತ.

ಇದರಿಂದ ಏನಾಯಿತು ಎಂಬುದನ್ನು ಒಂದು ಸರಳ ಲೆಕ್ಕದಿಂದ ನೋಡಬಹುದು. ತಾಯಿ ಮೊದಲೇ ತೀರಿಕೊಂಡಿದ್ದಾರೆ, ತಂದೆಗೆ ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಪಿತ್ರಾರ್ಜಿತ ಮನೆಯ ಬೆಲೆ ಒಂದು ಕೋಟಿ ಎಂದಿಟ್ಟುಕೊಳ್ಳೋಣ. ಹಳೆಯ ಕ್ರಮದಲ್ಲಿ ಮೊದಲು ತಂದೆ ಮತ್ತು ಗಂಡುಮಕ್ಕಳ ನಡುವೆ ನಾಲ್ಕು ಪಾಲು. ತಂದೆಯ ಪಾಲಿನ 25 ಲಕ್ಷದಲ್ಲಿ ಮಾತ್ರ ಐವರಿಗೂ ಸಮಭಾಗ. ಪ್ರತಿಯೊಬ್ಬ ಮಗನಿಗೆ 30 ಲಕ್ಷ, ಪ್ರತಿಯೊಬ್ಬ ಮಗಳಿಗೆ 5 ಲಕ್ಷ. ಆ ಐದು ಲಕ್ಷವನ್ನೂ ಆಕೆ ಅಣ್ಣತಮ್ಮಂದಿರ ಇಚ್ಛೆಯಿಲ್ಲದೆ ಕೇಳುವಂತಿರಲಿಲ್ಲ. ಹೊಸ ಕ್ರಮದಲ್ಲಿ ಐವರಿಗೂ ತಲಾ 20 ಲಕ್ಷ. ಮಗನಿಗೆ ಕಡಿಮೆಯಾದದ್ದು ಹತ್ತು ಲಕ್ಷ. ‘ಹೆಣ್ಣುಮಕ್ಕಳು ಮನೆ ಒಡೆದರು’ ಎಂಬ ಮಾತಿನ ಒಳಗಿರುವ ಸಂಕಟದ ನಿಖರ ಅಳತೆ ಈ ಹತ್ತು ಲಕ್ಷ. ಅರಿಶಿನ-ಕುಂಕುಮಕ್ಕೆಂದು ಒಂದು ಸೀರೆ, ಕಣ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದ ಪದ್ಧತಿಯನ್ನು ನಾವು ಬಹುಕಾಲ ಬಾಂಧವ್ಯ ಎಂದು ಕರೆದೆವು; ಸಹಿ ಹಾಕದವಳನ್ನು ಮನೆಮುರುಕಿ ಎಂದೆವು.

ಗದ್ದೆ, ತೋಟಗಳನ್ನು ಅಣ್ಣತಮ್ಮಂದಿರು ಎಂದೋ ಪಾಲು ಮಾಡಿಕೊಂಡಿರುತ್ತಾರೆ. ‘ಮನೆಯೊಂದನ್ನು ಹಾಗೇ ಬಿಟ್ಟೆವು’ ಎಂಬುದು ಮಲೆನಾಡಿನ ಕುಟುಂಬಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಒಂದು ತೊಟ್ಟಿಯನ್ನು ಐದು ಪಾಲು ಮಾಡುವುದು ಹೇಗೆ? ಹಾಗೆ ಬಿಟ್ಟ ಮನೆಯೇ ಕೊನೆಗೆ ಎಲ್ಲರ ಹೆಸರಿನ, ಯಾರೂ ನೋಡಿಕೊಳ್ಳದ ಆಸ್ತಿಯಾಗುತ್ತದೆ. ಕಾನೂನಿನಲ್ಲಿ ದಾರಿಗಳೇ ಇಲ್ಲವೆಂದಲ್ಲ. ಉತ್ತರಾಧಿಕಾರ ಕಾಯ್ದೆಯ 22ನೇ ಕಲಮಿನಂತೆ ಒಬ್ಬ ವಾರಸುದಾರ ತನ್ನ ಭಾಗವನ್ನು ಮಾರಹೊರಟರೆ ಉಳಿದವರಿಗೆ ಕೊಳ್ಳುವ ಮೊದಲ ಹಕ್ಕಿದೆ. 1893ರಷ್ಟು ಹಳೆಯ ವಿಭಜನಾ ಕಾಯ್ದೆ, ಹೊರಗಿನವನೊಬ್ಬ ಕುಟುಂಬದ ಮನೆಯಲ್ಲಿ ಪಾಲು ಕೊಂಡು ವಿಭಜನೆ ಕೇಳಿ ಬಂದರೆ ಅವನ ಪಾಲನ್ನು ಬೆಲೆ ಕಟ್ಟಿಸಿ ಮನೆಯವರೇ ಕೊಳ್ಳಲು ಅವಕಾಶ ಕೊಡುತ್ತದೆ. ಅದೇ ಕಾಯ್ದೆ, ಭಾಗ ಮಾಡಲಾಗದ ಆಸ್ತಿಯನ್ನು ಮಾರಿ ಹಣ ಹಂಚುವ ಅಧಿಕಾರವನ್ನೂ ನ್ಯಾಯಾಲಯಕ್ಕೆ ಕೊಟ್ಟಿದೆ. ಆದರೆ ಇವೆಲ್ಲ ಹಣವಿದ್ದವನ ಹಕ್ಕುಗಳು. ಮನೆಯಲ್ಲಿ ಉಳಿದಿರುವವರ ಕೈಯಲ್ಲಿ ಹಣವಿಲ್ಲ, ಹಣವಿರುವವರಿಗೆ ಉಳಿಯುವ ಮನಸ್ಸಿಲ್ಲ.

ಮೇಲಿನ ಲೆಕ್ಕಕ್ಕೆ ಒಂದು ಸಾಲು ಸೇರಿಸಬೇಕು. ಆ ಮೂವರು ಗಂಡುಮಕ್ಕಳಲ್ಲಿ ಹಿರಿಯವ ತೀರಿಕೊಂಡು, ಅವನಿಗೆ ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ, ಅವನ 20 ಲಕ್ಷದಲ್ಲಿ ಹೆಂಡತಿಗೆ ಬರುವುದು ಹೆಚ್ಚೆಂದರೆ ಮೂರರಲ್ಲಿ ಒಂದು ಭಾಗ. ಇಡೀ ಮನೆಯ ಹದಿನೈದರಲ್ಲೊಂದು ಪಾಲು, ಏಳು ಲಕ್ಷಕ್ಕೂ ಕಡಿಮೆ. ಮದುವೆಯಾಗಿ ಬಂದಂದಿನಿಂದ ಆ ಮನೆಯ ಒಲೆ ಉರಿಸಿದವಳು, ಬಾಣಂತನ-ಬಸಿರುಗಳಿಂದ ಹಿಡಿದು ಸಾವು ನೋವುಗಳವರೆಗೆ ಮನೆತನದ್ದನ್ನೆಲ್ಲ ನೋಡಿಕೊಂಡವಳು, ಉಳಿದವರೆಲ್ಲ ಹೋದ ಮೇಲೂ ದೀಪ ಹಚ್ಚಿದವಳು ಇವಳೇ. ಏಳು ಲಕ್ಷಕ್ಕೆ ಶಿಕಾರಿಪುರದ ಹೊಸ ಬಡಾವಣೆಯಲ್ಲಿ ಒಂದು ಪುಟ್ಟ ಮನೆಯೂ ಬರುವುದಿಲ್ಲ. ಮನೆಮಗಳು ಗೆದ್ದ ಹಕ್ಕು ನ್ಯಾಯವಾದದ್ದು. ಮನೆಸೊಸೆಯ ದುಡಿಮೆಗೆ ಬೆಲೆ ಕಟ್ಟುವ ಕಲಮು ಮಾತ್ರ ಇನ್ನೂ ಯಾವ ಕಾಯ್ದೆಯಲ್ಲೂ ಬಂದಿಲ್ಲ. ಇವರಿಬ್ಬರನ್ನು ಎದುರುಬದುರು ನಿಲ್ಲಿಸಿ ಜಗಳ ನೋಡುವುದು ನಮ್ಮ ಸಮಾಜಕ್ಕೆ ಸುಲಭವಾಗಿದೆ.

ಮಾರಲು ಎಲ್ಲರೂ ಒಪ್ಪಿದ ಮೇಲೂ ಮಾರುವುದು ಸುಲಭವಲ್ಲ. ಸೊರಬದ ಹಳ್ಳಿಯ ಆ ಬೀಗ ಹಾಕಿದ ಮನೆಯನ್ನೇ ತೆಗೆದುಕೊಳ್ಳಿ. ಅದು ಗ್ರಾಮಠಾಣಾದೊಳಗಿದೆ. ಹೊಲಕ್ಕಾದರೆ ಸರ್ವೆ ನಂಬರು, ಪಹಣಿ ಉಂಟು. ಗ್ರಾಮಠಾಣಾದ ಮನೆಗೆ ಬಹುಕಾಲ ಇದ್ದದ್ದು ಪಂಚಾಯ್ತಿಯ ಕಂದಾಯದ ರಸೀದಿಯಷ್ಟೆ. ಪೋತಿ ಖಾತೆ ಮಾಡಿಸದೆ ಮೂರು ತಲೆಮಾರು ಕಳೆದಿರುವುದು ವಿಶೇಷವೇನಲ್ಲ. ಅಜ್ಜನ ಹೆಸರೇ ಇನ್ನೂ ಪುಸ್ತಕದಲ್ಲಿರುತ್ತದೆ. ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11 ಇಲ್ಲದೆ ಹಳ್ಳಿಯ ಮನೆ ನೋಂದಣಿಯಾಗುವುದಿಲ್ಲ. 2024ರಿಂದ ಪಟ್ಟಣಗಳಲ್ಲೂ ಇ-ಖಾತೆ ಕಡ್ಡಾಯ. ಇವುಗಳಿಂದ ನಕಲಿ ಕ್ರಯಪತ್ರಗಳಿಗೆ ತಡೆ ಬಿದ್ದಿರುವುದು ಒಳ್ಳೆಯದೇ. ಆದರೆ ಹನ್ನೊಂದು ಹಕ್ಕುದಾರರ ವಂಶವೃಕ್ಷ, ಮರಣ ಪ್ರಮಾಣಪತ್ರ, ಒಪ್ಪಿಗೆ ಪತ್ರಗಳನ್ನು ಕೂಡಿಸುವಷ್ಟರಲ್ಲಿ ಎರಡು ಮಳೆಗಾಲ ಕಳೆದಿರುತ್ತದೆ. ಈ ತೊಡಕುಗಳನ್ನು ಚೆನ್ನಾಗಿ ಬಲ್ಲವನು ದಲ್ಲಾಳಿ. ಕಾಗದದ ಒಂದೊಂದು ಹುಳುಕೂ ಅವನ ಬಾಯಲ್ಲಿ ಒಂದೊಂದು ಲಕ್ಷದ ಕಡಿತವಾಗುತ್ತದೆ.

ಮನೆಗೆ ಮಾತ್ರ ಬೆಲೆಯಿಲ್ಲ. ನೋಂದಣಿ ಇಲಾಖೆಯ ಮಾರ್ಗಸೂಚಿ ದರದ ಲೆಕ್ಕದಲ್ಲಿ ಕಟ್ಟಡಕ್ಕೆ ವಯಸ್ಸಾದಷ್ಟೂ ಬೆಲೆ ಇಳಿಯುತ್ತ ಹೋಗುತ್ತದೆ. ‘ಮನೆ ಫ್ರೀ’ ಎಂದ ದಲ್ಲಾಳಿ ಸರ್ಕಾರದ ಭಾಷೆಯನ್ನೇ ತನ್ನ ಮಾತಿನಲ್ಲಿ ಹೇಳಿದ್ದ. ಬೆಲೆಯಿರುವುದು ನಿವೇಶನಕ್ಕೆ ಮತ್ತು, ಆ ಹೆಂಗಸು ಹೇಳಿದಂತೆ, ಕಂಬಕ್ಕೆ. ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ನಾಡು ಇದು. ಇಲ್ಲಿಯ ಹಳೆಯ ಮನೆಗಳ ಬಾಗಿಲುವಾಡ, ಬೋದಿಗೆಗಳಿಗೆ ಗಿರಾಕಿಗಳು ದೂರದಿಂದ ಬರುತ್ತಾರೆ. ಬೆಂಗಳೂರಿನ ರೆಸಾರ್ಟಿನಲ್ಲೋ ಯಾರದೋ ತೋಟದ ಮನೆಯಲ್ಲೋ ಸೊರಬದ ಮುಂಡಿಗೆ ಅಲಂಕಾರಕ್ಕೆ ನಿಂತಿರುವುದನ್ನು ನೋಡಬಹುದು. ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ಕಾನೂನಿನಿಂದಲೇ ರದ್ದು ಮಾಡಿದ 1976ರ ನಂತರ ನಾಲುಕೆಟ್ಟುಗಳಿಗೆ, ತಮಿಳುನಾಡಿನಲ್ಲಿ ಚೆಟ್ಟಿನಾಡಿನ ಮಹಲುಗಳಿಗೆ ಆದದ್ದೂ ಇದೇ. ವಿಜಯನಾಥ ಶೆಣೈ ಅವರು ಇಂಥ ಮನೆಗಳನ್ನು ಬಿಡಿಬಿಡಿಯಾಗಿ ಕಳಚಿ ತಂದು ಮಣಿಪಾಲದ ಪಾರಂಪರಿಕ ಗ್ರಾಮದಲ್ಲಿ ಮತ್ತೆ ಕೂಡಿಸಿ ನಿಲ್ಲಿಸಿದ್ದು ಅಸಾಮಾನ್ಯ ಸಾಹಸ. ಅಲ್ಲಿಯ ಕುಂಜೂರು ಚೌಕಿಮನೆಯನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಆದರೂ ಅಲ್ಲಿ ಓಡಾಡುವಾಗ ಒಂದು ಇರುಸುಮುರುಸು ನನ್ನನ್ನು ಬಿಡುವುದಿಲ್ಲ. ಒಲೆ ಉರಿಯದ ಅಡುಗೆಮನೆ ಎಷ್ಟೇ ಚೊಕ್ಕಟವಾಗಿದ್ದರೂ ಅದು ಅಡುಗೆಮನೆಯ ಚಿತ್ರವೇ.

ಹಾಗೆ ನೋಡಿದರೆ ದೊಡ್ಡಮನೆ ಉಳಿದ ಉದಾಹರಣೆ ಘಟ್ಟದ ಕೆಳಗೇ ಇದೆ. ಭೂಸುಧಾರಣೆ ಅತಿ ಪರಿಣಾಮಕಾರಿಯಾಗಿ ಜಾರಿಗೆ ಬಂದ ತುಳುನಾಡಿನಲ್ಲಿ ಗುತ್ತಿನ ಮನೆಗಳು ತಮ್ಮ ಜಮೀನುಗಳನ್ನು ಕಳೆದುಕೊಂಡವು. ಅಳಿಯಸಂತಾನದ ಕುಟುಂಬಗಳು ಪಾಲಾದವು, ಮಕ್ಕಳು ಮುಂಬಯಿ, ದುಬೈ ಸೇರಿದರು. ಆದರೂ ಅನೇಕ ಗುತ್ತುಗಳು, ತರವಾಡು ಮನೆಗಳು ಇಂದು ಹೊಸ ಹೆಂಚು, ಹೊಸ ಮರಗೆಲಸದೊಂದಿಗೆ ನಿಂತಿವೆ. ಕಾರಣ, ಅಲ್ಲಿ ಮನೆಯೊಳಗೆ ದೈವದ ಚಾವಡಿಯಿದೆ. ವರ್ಷಕ್ಕೊಮ್ಮೆ ತಂಬಿಲ, ನೇಮಗಳಿಗೆ ಕುಟುಂಬವೆಲ್ಲ ಕೂಡಬೇಕು. ಕೂಡಿದವರು ವಂತಿಗೆ ಹಾಕಬೇಕು. ವಂತಿಗೆಯ ಲೆಕ್ಕ ಇಡಲು ಒಂದು ಸಮಿತಿ ಬೇಕು. ಮನೆ ಯಾರೊಬ್ಬರ ವಾಸಕ್ಕೂ ಅಲ್ಲದ, ಆದರೆ ಎಲ್ಲರಿಗೂ ಕರ್ತವ್ಯವಿರುವ ಜಾಗವಾಯಿತು. ಘಟ್ಟದ ಮೇಲಿನವರಿಗೆ ಮನೆದೇವರಿಗೇನೂ ಕೊರತೆಯಿಲ್ಲ. ಆದರೆ ನಮ್ಮ ದೇವರುಗಳು ಚಂದ್ರಗುತ್ತಿಯ ಗುಡ್ಡದ ಮೇಲಿವೆ, ಊರಿನ ಗುಡಿಯಲ್ಲಿವೆ. ಮನೆ ಮಾರಿದರೂ ಅವಕ್ಕೇನೂ ಆಗುವುದಿಲ್ಲ. ದೈವವೇ ಬೇಕೆಂದು ನಾನು ಹೇಳುತ್ತಿಲ್ಲ. ಹಂಚಿಕೊಳ್ಳಲಾಗದ ಆಸ್ತಿಯನ್ನು ಒಟ್ಟಾಗಿ ಇಟ್ಟುಕೊಳ್ಳಲು ಒಂದು ಕಾರಣವೂ ಒಂದು ವ್ಯವಸ್ಥೆಯೂ ಬೇಕು. ನಮ್ಮಲ್ಲಿ ಎರಡೂ ಇಲ್ಲ.

ಈ ನಡುವೆ ಕೊಳ್ಳುವವರೂ ಬದಲಾಗುತ್ತಿದ್ದಾರೆ. ಕೃಷಿಕರಲ್ಲದವರು ಮತ್ತು ಹೆಚ್ಚು ವರಮಾನದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಶಿಕಾರಿಪುರವನ್ನೇ ಪ್ರತಿನಿಧಿಸುತ್ತಿದ್ದ ಬಿ.ಎಸ್. ಯಡಿಯೂರಪ್ಪನವರು. ಅದಕ್ಕೆ ಮೂರು ದಶಕ ಮೊದಲು ಮುಖ್ಯಮಂತ್ರಿಯಾದ ಸೊರಬದ ಎಸ್. ಬಂಗಾರಪ್ಪನವರ ಹೆಸರು ಸೂರಿಲ್ಲದವರಿಗೆ ಮನೆ ಕೊಡುವ ಆಶ್ರಯ ಯೋಜನೆಯೊಂದಿಗೆ ಸೇರಿಕೊಂಡಿದೆ. ಅಕ್ಕಪಕ್ಕದ ಎರಡು ತಾಲ್ಲೂಕುಗಳು, ಮನೆ ಮತ್ತು ನೆಲದ ಬಗ್ಗೆ ಎರಡು ಬಗೆಯ ನಿರ್ಧಾರಗಳು. ಶಿವಮೊಗ್ಗಕ್ಕೆ 2023ರ ಫೆಬ್ರುವರಿಯಲ್ಲಿ ವಿಮಾನ ನಿಲ್ದಾಣವೂ ಬಂದ ಮೇಲೆ ಮನೆಯ ಜೊತೆ ಎರಡೆಕರೆ ತೋಟವಿದ್ದರೆ ಹೋಂಸ್ಟೇ ಮಾಡುವೆನೆಂದು ಬರುವವರು ಇದ್ದಾರೆ. ಅವರು ಮನೆಯನ್ನು ಕೆಡವುವುದಿಲ್ಲ, ಅಷ್ಟರ ಮಟ್ಟಿಗೆ ಸಮಾಧಾನ. ಆದರೆ 1974ರಲ್ಲಿ ಉಳುವವನ ಕೈಗೆ ಬಂದ ನೆಲವೂ ಇದೇ ಪೇಟೆಯಲ್ಲಿ ಬಿಕರಿಗಿದೆ ಎಂಬುದನ್ನು ನೆನೆದರೆ ಆ ಸಮಾಧಾನ ಬಹಳ ಹೊತ್ತು ಉಳಿಯುವುದಿಲ್ಲ.

ಎಲ್ಲ ದೊಡ್ಡಮನೆಗಳನ್ನೂ ಉಳಿಸಬೇಕೆಂಬ ಹಟ ನನಗಿಲ್ಲ. ಕೆಲವು ಹೋಗಲಿ, ಹೋಗಬೇಕಾದವೂ ಇವೆ. ಸರ್ಕಾರ ಮಾಡಬಹುದಾದ ಒಂದೆರಡು ಕೆಲಸಗಳು ಮಾತ್ರ ಕಣ್ಣ ಮುಂದಿವೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಮೂಲಕ ಗ್ರಾಮಠಾಣಾಗಳ ಅಳತೆ ನಡೆದು ಮನೆಗಳಿಗೆ ಆಸ್ತಿ ಕಾರ್ಡು ಕೊಡುವ ಕೆಲಸ ನಡೆದಿದೆ. ಕಾರ್ಡಿನಲ್ಲಿ ಊರಲ್ಲಿರುವ ಒಬ್ಬ ಗಂಡಸಿನ ಹೆಸರು ಬರೆದು ಕೈತೊಳೆದುಕೊಂಡರೆ ಮುಂದಿನ ಮೂವತ್ತು ವರ್ಷದ ವ್ಯಾಜ್ಯಕ್ಕೆ ಇಂದೇ ನಾಂದಿ ಹಾಡಿದಂತೆ. ಹೆಣ್ಣುಮಕ್ಕಳು, ವಿಧವೆಯರು ಸೇರಿ ಎಲ್ಲ ಹಕ್ಕುದಾರರ ಹೆಸರನ್ನು ಈಗಲೇ ಬರೆಯಬೇಕು. ಉಳಿಯಬಯಸುವ ಒಬ್ಬ ಪಾಲುದಾರ ಉಳಿದವರ ಪಾಲು ಕೊಳ್ಳಲು ಸಹಕಾರ ಬ್ಯಾಂಕುಗಳ ಮೂಲಕ ದೀರ್ಘಾವಧಿಯ ಸಾಲ ಸಿಗುವಂತಾದರೆ 22ನೇ ಕಲಮಿಗೆ ಜೀವ ಬಂದೀತು. ಮಾರಲೇಬೇಕಾದಾಗ, ಅಲ್ಲಿಯೇ ವಾಸವಿರುವ ವಿಧವೆಗೆ ಬದುಕಿರುವವರೆಗೆ ಇರುವ ಹಕ್ಕನ್ನು ಕ್ರಯಪತ್ರದಲ್ಲೇ ನಮೂದಿಸುವುದಕ್ಕೆ ಇಂದೂ ಕಾನೂನಿನ ಅಡ್ಡಿಯಿಲ್ಲ. ಬೆಲೆ ಕಡಿಮೆಯಾಗುತ್ತದೆ, ಅಷ್ಟೆ. ಆ ಕಡಿಮೆಯಾದದ್ದನ್ನು ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಹಂಚಿಕೊಳ್ಳಲು ಒಪ್ಪುತ್ತಾರೆಯೇ ಎಂಬುದನ್ನು ಅವರವರೇ ಹೇಳಬೇಕು.

ಶಿಕಾರಿಪುರದ ಮನೆಯಿಂದ ಹೊರಡುವಾಗ ಮಾಡಿನ ಮೇಲೆ ಇಬ್ಬರು ಆಳುಗಳು ಹೆಂಚು ಕೈಯಾಡಿಸುತ್ತಿದ್ದರು. ಕೆಳಗೆ ಅಂಗಳದಲ್ಲಿ ಒಡೆದ ಹೆಂಚುಗಳ ಸಣ್ಣ ರಾಶಿ, ಪಕ್ಕದಲ್ಲಿ ಎಲ್ಲಿಂದಲೋ ಹುಡುಕಿ ತರಿಸಿದ ಹಳೆಯ ಮಂಗಳೂರು ಹೆಂಚು. ಮಾರುವ ಮನೆಗೆ ಈ ಖರ್ಚೇಕೆ ಎಂದು ಕೇಳಿಬಿಟ್ಟೆ. ಆ ಹಿರಿಯ ಹೆಂಗಸು ಮಾಡಿನತ್ತಲೇ ನೋಡುತ್ತಾ, ‘ಮಾರೋದು ಯಾವಾಗ್ಲೋ ಏನೋಪ್ಪ, ಮಳೆ ಇನ್ನು ಹದಿನೈದು ದಿನಕ್ಕೆ ಬರುತ್ತೆ’ ಎಂದರು. ಆಮೇಲೆ ಮೇಲಿದ್ದವನಿಗೆ ಕೂಗಿ ಹೇಳಿದರು, ದೇವರ ಕೋಣೆಯ ಮೇಲಿನ ಸಾಲನ್ನು ಇನ್ನೊಮ್ಮೆ ನೋಡು ಎಂದು.